ಒಂಟಿ ಆಸನದ ಹಳೆಯ ವಿಮಾನ

1913ನೆಯ ಇಸವಿಯ ಸೆಪ್ಟೆಂಬರ್ 9ರಂದು, ಕೀವ್ ನಗರದ ಮೈದಾನವೊಂದರ ಮೇಲೆ, ರಷ್ಯದ ಚಕ್ರವರ್ತಿಯ ಸೇನೆಯಲ್ಲಿ ಅಧಿಕಾರಿಯಾಗಿದ್ದ ಪ್ಯೋತ್ರ್ ನೆಸ್ತೆರೋವ್ ಎಂಬಾತನು ತನ್ನ ನ್ಯೂಪೋರ್ ವಿಮಾನದ ಮೂತಿಯನ್ನು ಮೇಲಕ್ಕೆತ್ತಿ, ಅದನ್ನು ತಲೆಕೆಳಗಾಗಿಸಿ, ಮತ್ತೆ ನೇರಕ್ಕೆ ತಂದು, ಆಕಾಶದಲ್ಲಿ ಒಂದು ಪೂರ್ಣ ಲಾಗವನ್ನು ಹಾಕಿದನಷ್ಟೆ. ಯಂತ್ರದೊಡನೆ ಮನುಷ್ಯನು ಅಂತರ್ಲಾಗ ಹಾಕಿದ ಮೊದಲ ಪ್ರಸಂಗ ಅದಾಗಿದ್ದರೂ, ಅದಕ್ಕಾಗಿ ಅವನಿಗೆ ಮೊದಲು ಪ್ರಾಪ್ತವಾದದ್ದು ಪದಕವಲ್ಲ, ಹತ್ತು ದಿನಗಳ ಬಂಧನ. ಸರ್ಕಾರದ ಸ್ವತ್ತನ್ನು ಅಪಾಯಕ್ಕೊಡ್ಡಿದನೆಂಬುದು ಆರೋಪ. ಕೆಲವೇ ದಿನಗಳ ತರುವಾಯ ಫ್ರಾನ್ಸಿನ ಅಡೋಲ್ಫ್ ಪೆಗೂ ಅದೇ ಸಾಹಸವನ್ನು ಮಾಡಿ ಯುರೋಪಿನಲ್ಲೆಲ್ಲ ಹೆಸರಾದ ಮೇಲೆ ರಷ್ಯದ ಅಧಿಕಾರಿಗಳಿಗೆ ತಮ್ಮವನ ಹಿರಿಮೆ ಹೊಳೆದು, ಶಿಕ್ಷೆಯ ಜಾಗದಲ್ಲಿ ಬಡ್ತಿ ಬಂದಿತು. ಕಚೇರಿಗಳ ರೀತಿಯೇ ಹಾಗೆ.

ವಿಮಾನವು ನೆಸ್ತೆರೋವನ ಸ್ವಂತದ್ದಾಗಿದ್ದಲ್ಲಿ ಕೇಳುವವರಾರೂ ಇರುತ್ತಿರಲಿಲ್ಲ. ಬೀದರಿನ ಸೂರ್ಯಕಿರಣ ತಂಡದ ವಿಮಾನಗಳು ಇಂದು ನಮ್ಮ ಕಣ್ಣೆದುರು ಆಕಾಶದಲ್ಲಿ ನರ್ತಿಸುವಾಗಲೂ ಅವು ಸರ್ಕಾರದ ಸ್ವತ್ತೇ. ಅವುಗಳ ಪ್ರತಿಯೊಂದು ಮೊಳೆಗೂ ಲೆಕ್ಕವಿಡುವವರಿದ್ದಾರೆ. ಆದರೆ ಅಮೆರಿಕ, ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ, ಯಾವ ಸೇನೆಗೂ ಸೇರದ, ದಂತವೈದ್ಯನೋ ಗುಮಾಸ್ತನೋ ಮೇಷ್ಟರೋ ಆಗಿರುವ ಗೃಹಸ್ಥನೊಬ್ಬನು ತನ್ನ ಉಳಿತಾಯದ ಹಣವನ್ನು ಕೊಟ್ಟು, ಒಬ್ಬನೇ ಕೂರಬಹುದಾದ, ಲಾಗ ಹಾಕುವುದಕ್ಕಲ್ಲದೆ ಮತ್ತಾವುದಕ್ಕೂ ಒದಗದ, ಅದೂ ಮತ್ತೊಬ್ಬರು ಬಳಸಿ ಬಿಟ್ಟ ವಿಮಾನವನ್ನು ಕೊಂಡುಕೊಳ್ಳುವ ಪದ್ಧತಿಯೊಂದುಂಟು. ಯಲಹಂಕದ ಏರೋ ಇಂಡಿಯಾದಲ್ಲಿ ಝೆಕ್ ದೇಶದ ಫ್ಲೈಯಿಂಗ್ ಬುಲ್ಸ್ ತಂಡದವರ ಪುಟ್ಟ ವಿಮಾನಗಳು ಬೊಬ್ಬಿರಿಯುತ್ತ ಉರುಳಾಡಿದ್ದನ್ನು ಕಂಡವರಿಗೆ ಇಂಥ ಯಂತ್ರದ ಚಹರೆ ತಕ್ಕಮಟ್ಟಿಗೆ ಪರಿಚಿತ. ಅಂಥದೊಂದನ್ನು ಮನೆಗೆ ತರುವ ವ್ಯವಹಾರ ಹೇಗೆ ನಡೆಯುತ್ತದೆಂಬುದು ಮಾತ್ರ ನಮ್ಮಲ್ಲಿ ಅಷ್ಟಾಗಿ ತಿಳಿದ ಸಂಗತಿಯಲ್ಲ.

ಈ ಜಾತಿಯ ವಿಮಾನಗಳಲ್ಲಿ ಅತ್ಯಂತ ಪ್ರಸಿದ್ಧವೂ ಹಳೆಯ ಸರಕಾಗಿ ಸುಲಭವಾಗಿ ದೊರೆಯುವಂಥದೂ ಆದದ್ದು ಪಿಟ್ಸ್ ಸ್ಪೆಷಲ್. ಅಮೆರಿಕದ ಜಾರ್ಜಿಯ ರಾಜ್ಯದಲ್ಲಿ 1915ರಲ್ಲಿ ಹುಟ್ಟಿದ ಕರ್ಟಿಸ್ ಪಿಟ್ಸ್ ಎಂಬ ಕುಶಲಿಯು ಎರಡನೆಯ ಮಹಾಯುದ್ಧದ ಕಡೆಗಾಲದಲ್ಲಿ, ಕಸರತ್ತಿನ ವಿಮಾನವೆಂದರೆ ದೊಡ್ಡ ಎಂಜಿನಿನ ಭಾರಿ ಯಂತ್ರವೆಂಬ ನಂಬಿಕೆ ಬಲವಾಗಿದ್ದ ಹೊತ್ತಿನಲ್ಲಿ, ಅದಕ್ಕೆ ತೀರ ವಿರುದ್ಧವಾಗಿ, ಸಣ್ಣದೂ ಹಗುರವೂ ಚುರುಕೂ ಆದ ಜೋಡಿರೆಕ್ಕೆಯ ವಿಮಾನವೊಂದನ್ನು ಕಟ್ಟಿದನು. ರೆಕ್ಕೆಯ ತುದಿಯಿಂದ ತುದಿಗೆ ಐದೂಕಾಲು ಮೀಟರು, ಮೂತಿಯಿಂದ ಬಾಲಕ್ಕೆ ಐದು ಮೀಟರಿಗೂ ಕಡಿಮೆ, ಬರಿಯ ತೂಕ ಸುಮಾರು 325 ಕಿಲೋಗ್ರಾಂ. ಇವು ಆಮೇಲಿನ ಎಸ್-1ಎಸ್ ಮಾದರಿಯ ಅಳತೆಗಳು. ಬಾಲವನ್ನು ಹಿಡಿದು ಒಬ್ಬನೇ ಅದನ್ನು ಷೆಡ್ಡಿನಿಂದ ಹೊರಕ್ಕೆಳೆಯಬಹುದು. 1946ರಲ್ಲಿ ಸಿದ್ಧವಾದ ಇಂಥ ಎರಡನೆಯ ವಿಮಾನವನ್ನು 1948ರಲ್ಲಿ ಬೆಟಿ ಸ್ಕೆಲ್ಟನ್ ಎಂಬ ತರುಣಿ ಕೊಂಡು, ಅದಕ್ಕೆ ‘ಲಿಟ್ಲ್ ಸ್ಟಿಂಕರ್’ ಎಂಬ ತುಂಟ ಹೆಸರನ್ನಿಟ್ಟು, ತಲೆಕೆಳಗಾಗಿ ಹಾರುತ್ತಲೇ ನೆಲಕ್ಕೆ ಕೆಲವೇ ಅಡಿಗಳ ಎತ್ತರದಲ್ಲಿ ಕಟ್ಟಿದ ಪಟ್ಟಿಯನ್ನು ಕತ್ತರಿಸುವ ತನ್ನ ಸಾಹಸದಿಂದ ಅದನ್ನು ಮನೆಮಾತಾಗಿಸಿದಳು. ಆಕೆ ಅದನ್ನು ಮಾರಿ, ವರ್ಷಗಳ ತರುವಾಯ ಮರಳಿ ಪಡೆದು, 1985ರಲ್ಲಿ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಒಪ್ಪಿಸಿದಳು. ಈಗಲೂ ಅದು ವಾಷಿಂಗ್ಟನ್ನಿನ ಸಮೀಪದ ಉಡ್ವರ್-ಹೇಜಿ ಕೇಂದ್ರದಲ್ಲಿ ಚಾವಣಿಯಿಂದ ತಲೆಕೆಳಗಾಗಿಯೇ ತೂಗುತ್ತಿದೆ. 1972ರಲ್ಲಿ ಫ್ರಾನ್ಸಿನ ಸಲೋನ್-ದ-ಪ್ರೊವಾನ್ಸಿನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಚಾರ್ಲಿ ಹಿಲ್ಲರ್ಡ್ ಪುರುಷರಲ್ಲಿಯೂ ಮೇರಿ ಗ್ಯಾಫನಿ ಸ್ತ್ರೀಯರಲ್ಲಿಯೂ ಪ್ರಥಮರಾದದ್ದು ಪಿಟ್ಸ್ ವಿಮಾನಗಳಲ್ಲಿಯೇ.

ಕರ್ಟಿಸ್ ಪಿಟ್ಸ್ ಈ ವಿಮಾನವನ್ನು ಮಾರಿದ್ದಕ್ಕಿಂತ ಹೆಚ್ಚಾಗಿ ಅದರ ನಕ್ಷೆಗಳನ್ನು ಮಾರಿದನೆಂಬುದು ಕೊಳ್ಳುವವನು ಮೊದಲು ಅರಿತಿರಬೇಕಾದ ವಿಷಯ. 1960ರ ದಶಕದಿಂದೀಚೆಗೆ ಎಷ್ಟೋ ಮಂದಿ ಹವ್ಯಾಸಿಗಳು ಆ ನಕ್ಷೆಗಳನ್ನು ತರಿಸಿಕೊಂಡು, ಮನೆಯ ಗ್ಯಾರೇಜಿನಲ್ಲಿ, ರಾತ್ರಿ ಊಟವಾದ ಮೇಲೆ, ವರ್ಷಗಟ್ಟಲೆ ಉಕ್ಕಿನ ಕೊಳವೆಗಳನ್ನು ಬೆಸೆದು, ಮರವನ್ನು ಉಜ್ಜಿ, ಬಟ್ಟೆಯನ್ನು ಹೊದಿಸಿ ತಮ್ಮ ತಮ್ಮ ಪಿಟ್ಸುಗಳನ್ನು ಕಟ್ಟಿಕೊಂಡರು. ಇವುಗಳಲ್ಲಿ ಕೆಲವು ಕಾರ್ಖಾನೆಯ ಕೆಲಸವನ್ನು ನಾಚಿಸುವಂಥವು, ಕೆಲವು ಅಲ್ಲ. ಎಸ್-1ಸಿ ಎಂಬ ಹಳೆಯ ಮಾದರಿಯ ರೆಕ್ಕೆಯ ತಳಭಾಗ ಚಪ್ಪಟೆ. ಅದು ನೇರವಾಗಿ ಹಾರಿದಷ್ಟು ಸಲೀಸಾಗಿ ತಲೆಕೆಳಗಾಗಿ ಹಾರದು. ಎಸ್-1ಎಸ್ ಮಾದರಿಯಲ್ಲಿ ರೆಕ್ಕೆಯ ಎರಡು ಮೈಗಳೂ ಒಂದೇ ಬಾಗು, ಉರುಳಿಸುವ ಐಲೆರಾನ್‌ಗಳು ಎರಡರ ಬದಲು ನಾಲ್ಕು. ಮೇಲು ಕೆಳಗೆಂಬ ಭೇದವನ್ನು ಅದು ಹೆಚ್ಚಾಗಿ ಎಣಿಸದು. ಜಾಹೀರಾತಿನಲ್ಲಿ ಎರಡಕ್ಕೂ ಪಿಟ್ಸ್ ಎಂದೇ ಹೆಸರು, ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಹಳೆಯ ಎಸ್-1ಸಿಯೊಂದು ಅಮೆರಿಕದಲ್ಲಿ ಸಾಧಾರಣವಾದ ಹೊಸ ಮೋಟಾರುಕಾರಿನ ಬೆಲೆಗೆ ಸಿಕ್ಕುವುದುಂಟು. ವಿಮಾನವೆಂದರೆ ಶ್ರೀಮಂತರ ಸ್ವತ್ತೆಂದು ಭಾವಿಸಿರುವ ನಮಗೆ ಇದು ಆಶ್ಚರ್ಯವೆನಿಸಬಹುದು.

ಮನೆಯಲ್ಲಿ ಕಟ್ಟಿದ ಏಕಾಸನ ವಿಮಾನಕ್ಕೆ ಇನ್ನೊಂದು ವಿಚಿತ್ರ ಲಕ್ಷಣವುಂಟು: ಅದು ಕಟ್ಟಿದವನ ಮೈಯಳತೆಗೆ ಹೊಲಿದ ಅಂಗಿ. ಅನೇಕ ಪಿಟ್ಸುಗಳಲ್ಲಿ ಆಸನವನ್ನಾಗಲಿ ಕಾಲಿನ ಪೆಡಲುಗಳನ್ನಾಗಲಿ ಹಿಂದುಮುಂದಾಗಿ ಸರಿಸುವ ಏರ್ಪಾಡೇ ಇಲ್ಲ. ಕಟ್ಟಿದವನು ಐದೂವರೆ ಅಡಿಯ ಆಳಾಗಿದ್ದು ಕೊಳ್ಳುವವನು ಆರಡಿಯವನಾದರೆ, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿ ಒಳಗಿಳಿದೊಡನೆ ಮೊಳಕಾಲು ಫಲಕಕ್ಕೆ ತಗುಲಿ, ತಲೆ ಗಾಜಿನ ಮುಚ್ಚಳಕ್ಕೆ ಒತ್ತಿ, ವ್ಯಾಪಾರ ಅಲ್ಲಿಗೇ ಮುಗಿಯುತ್ತದೆ. ಆದಕಾರಣ ಬಲ್ಲವರು ಎಂಜಿನಿನ ಮಾತೆತ್ತುವುದಕ್ಕೆ ಮುನ್ನ ಒಳಗೆ ಕುಳಿತು ನೋಡುತ್ತಾರೆ. ಅದೂ ಬರಿಮೈಯಲ್ಲಲ್ಲ, ಪ್ಯಾರಾಚೂಟನ್ನು ಕಟ್ಟಿಕೊಂಡು, ಪಟ್ಟಿಗಳನ್ನೆಲ್ಲ ಬಿಗಿದುಕೊಂಡು.

ಇನ್ನು ಯಂತ್ರದ ಪೂರ್ವಚರಿತ್ರೆ. ವಿಮಾನಕ್ಕೆ ದಿನಚರಿ ಪುಸ್ತಕವುಂಟು. ಅದರಲ್ಲಿ ಹಾರಿದ ಗಂಟೆಗಳೆಷ್ಟು, ಎಣ್ಣೆ ಬದಲಿಸಿದ್ದೆಂದು, ಯಾವ ಭಾಗವನ್ನು ತೆಗೆದು ಯಾವುದನ್ನು ಹಾಕಿದರೆಂಬುದು ಎಲ್ಲವೂ ಸಹಿಯೊಡನೆ ದಾಖಲಾಗಿರುತ್ತವೆ. ಪ್ರಯಾಣದ ವಿಮಾನಕ್ಕೆ ಗಂಟೆಗಳ ಲೆಕ್ಕ ಬಹುಮಟ್ಟಿಗೆ ಸಾಕು. ಕಸರತ್ತಿನ ವಿಮಾನಕ್ಕೆ ಅದು ಸಾಲದು. ಒಂದೇ ಗಂಟೆಯಲ್ಲಿ ಒಬ್ಬನು ಸೌಮ್ಯವಾಗಿ ಲಾಗ ಹಾಕಿ, ಭೂಮಿಯ ಸೆಳೆತದ ಮೂರೂವರೆ ಪಟ್ಟು ಭಾರಕ್ಕೆ ಮೀರದಂತೆ ಹಾರಿಸಿ ಬಂದಿರಬಹುದು. ಇನ್ನೊಬ್ಬನು ಅದೇ ಗಂಟೆಯಲ್ಲಿ ಆರು ಪಟ್ಟು ಭಾರವನ್ನು ಮೇಲಿನಿಂದಲೂ ಮೂರು ಪಟ್ಟು ಭಾರವನ್ನು ಕೆಳಗಿನಿಂದಲೂ ಮತ್ತೆ ಮತ್ತೆ ಹೇರಿ ರೆಕ್ಕೆಗಳನ್ನು ನರಳಿಸಿರಬಹುದು. ಪುಸ್ತಕದಲ್ಲಿ ಇಬ್ಬರದೂ ಒಂದೊಂದೇ ಗಂಟೆ. ಈ ಭಾರವನ್ನು ಅಳೆಯುವ ಜಿ-ಮೀಟರ್ ಎಂಬ ಉಪಕರಣವು ಫಲಕದ ಮೇಲೆ ಇರುವುದೇನೋ ನಿಜ. ಅದರ ಮೂರು ಮುಳ್ಳುಗಳಲ್ಲಿ ಒಂದು ಆ ಕ್ಷಣದ ಭಾರವನ್ನು ತೋರಿದರೆ, ಮಿಕ್ಕೆರಡು ಆ ದಿನ ಮುಟ್ಟಿದ ಪರಮಾವಧಿಗಳಲ್ಲಿ ನಿಂತು ಸಾಕ್ಷಿ ನುಡಿಯುತ್ತವೆ. ಆದರೆ ಅದರ ಮೂಲೆಯಲ್ಲಿ ಸಣ್ಣದೊಂದು ಗುಂಡಿಯಿದೆ. ಅದನ್ನು ಬೆರಳಿನಿಂದೊತ್ತಿದರೆ ಮುಳ್ಳುಗಳೆರಡೂ ವಿನಯದಿಂದ ಒಂದರ ಅಂಕಿಗೆ ಮರಳುತ್ತವೆ. ಇಳಿದು ಬಂದವನು ಅದನ್ನೊತ್ತುವುದು ವಂಚನೆಯೇನಲ್ಲ, ಮುಂದಿನ ಹಾರಾಟಕ್ಕೆ ಸಿದ್ಧಪಡಿಸುವ ಕ್ರಮವಷ್ಟೆ. ಆದರೂ ಕೊಳ್ಳಬಂದವನ ಮುಂದೆ ನಿಂತಿರುವ ಯಂತ್ರವು ತನ್ನ ಪೂರ್ವಾಶ್ರಮವನ್ನೆಲ್ಲ ಮರೆತು ಕುಳಿತಿರುವ ಯಂತ್ರ. ಅದರ ಕಷ್ಟವನ್ನು ಅದರ ಲೋಹದಿಂದ, ಮರದಿಂದ, ಬಟ್ಟೆಯಿಂದ ಓದಿ ತಿಳಿಯಬೇಕಲ್ಲದೆ ಕಾಗದದಿಂದಲ್ಲ. ಈ ವ್ಯಾಪಾರದ ಕಷ್ಟವೂ ಸ್ವಾರಸ್ಯವೂ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ.

ಲೋಹದ ಈ ಗುಪ್ತ ಆಯಾಸವು ಎಂಥ ಘಟನೆಗೆ ಕಾರಣವಾಗಬಲ್ಲುದೆಂಬುದಕ್ಕೆ ಬ್ರಿಟನ್ನಿನ ವೈಮಾನಿಕ ನೀಲ್ ವಿಲಿಯಮ್ಸ್‌ನ ಪ್ರಸಂಗಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. 1970ರ ಜೂನ್ 3ರಂದು, ಆ ವರ್ಷದ ವಿಶ್ವಸ್ಪರ್ಧೆಗಾಗಿ ಹಲಾವಿಂಗ್ಟನ್ ನಿಲ್ದಾಣದ ಮೇಲೆ ಝ್ಲಿನ್ 526 ವಿಮಾನದಲ್ಲಿ ಅಭ್ಯಾಸ ನಡೆಸುತ್ತಿದ್ದ ವಿಲಿಯಮ್ಸ್, ನೆಟ್ಟಗೆ ಕೆಳಕ್ಕೆರಗಿ ವಿಮಾನವನ್ನು ಮೇಲೆತ್ತುವಷ್ಟರಲ್ಲಿ ಭಾರಿ ಸದ್ದೊಂದು ಕೇಳಿಸಿ, ಎಡರೆಕ್ಕೆಯ ಬುಡದ ಕೆಳಗಣ ಜೋಡಣೆ ಕಡಿದು, ರೆಕ್ಕೆಯು ಮೇಲ್ಮುಖವಾಗಿ ಮಡಚಿಕೊಳ್ಳತೊಡಗಿತು. ನೆಲ ಸಮೀಪಿಸುತ್ತಿತ್ತು. ಆ ಕ್ಷಣದಲ್ಲಿ ಅವನಿಗೆ ನೆನಪಾದದ್ದು, ಬಲ್ಗೇರಿಯದ ವೈಮಾನಿಕನೊಬ್ಬನ ಝ್ಲಿನ್‌ನಲ್ಲಿ ಹಿಂದೊಮ್ಮೆ ಮೇಲಿನ ಜೋಡಣೆ ಕಡಿದು, ವಿಮಾನ ಮಗುಚಿದೊಡನೆ ರೆಕ್ಕೆ ತಾನಾಗಿ ಸ್ವಸ್ಥಾನಕ್ಕೆ ಬಂದಿತೆಂಬ ವೃತ್ತಾಂತ. ತನ್ನ ವಿಷಯದಲ್ಲಿ ಕಡಿದದ್ದು ಕೆಳಗಿನದಾದ್ದರಿಂದ ಉಪಾಯವೂ ತಲೆಕೆಳಗಾಗಬೇಕೆಂದು ತರ್ಕಿಸಿ ಅವನು ವಿಮಾನವನ್ನು ಅಂಗಾತವಾಗಿ ತಿರುಗಿಸಿದನು. ಗಾಳಿಯ ಒತ್ತಡದ ದಿಕ್ಕು ಬದಲಾಗಿ, ರೆಕ್ಕೆ ದಢಕ್ಕನೆ ತನ್ನ ಸ್ಥಾನಕ್ಕೆ ಮರಳಿತು. ಬೆಂಕಿಯ ಭಯದಿಂದ ಮುಚ್ಚಿದ್ದ ಇಂಧನವನ್ನು ಮತ್ತೆ ತೆರೆದು, ತಲೆಕೆಳಗಾಗಿಯೇ ನಿಲ್ದಾಣವನ್ನು ಸುತ್ತಿ, ತಲೆಕೆಳಗಾಗಿಯೇ ಇಳಿಯಲು ಬಂದು, ನೆಲ ಮುಟ್ಟುವುದಕ್ಕೆ ಕ್ಷಣಮಾತ್ರದ ಮೊದಲು ವಿಮಾನವನ್ನು ನೇರಕ್ಕೆ ಹೊರಳಿಸಿ, ಅದರ ಹೊಟ್ಟೆಯ ಮೇಲೆ ಇಳಿಸಿದನು, ನಡೆದು ಹೊರಬಂದನು. ಆತನ ಸಮಯಸ್ಫೂರ್ತಿಯನ್ನು ಕೊಂಡಾಡದವರಿಲ್ಲ. ಆದರೆ ಹಳೆಯ ವಿಮಾನವನ್ನು ಕೊಳ್ಳಹೊರಟವನು ಈ ಕಥೆಯಲ್ಲಿ ಗಮನಿಸಬೇಕಾದದ್ದು ಹೊರಳಿಸಿದ ಕೈಯನ್ನಲ್ಲ, ಅದುವರೆಗೆ ಯಾರ ಕಣ್ಣಿಗೂ ಬೀಳದೆ ಬೆಳೆದಿದ್ದ ಬಿರುಕನ್ನು.

ಪಿಟ್ಸಿನ ರೆಕ್ಕೆಯ ಜೀವಾಳ ಸ್ಪ್ರೂಸ್ ಎಂಬ ಮರದ ತೊಲೆಗಳು. ಮರಕ್ಕೆ ಲೋಹದಂತೆ ಆಯಾಸವಾಗದೆಂಬುದು ದೊಡ್ಡ ಅನುಕೂಲ. ಆದರೆ ತೇವ ತಗುಲಿದರೆ ಕೊಳೆಯುತ್ತದೆ, ಅತಿಭಾರ ಬಿದ್ದರೆ ಎಳೆ ಮುರಿದು ಅಡ್ಡಗೆರೆ ಮೂಡುತ್ತದೆ. ಇವೆಲ್ಲ ಪಾಲಿಯೆಸ್ಟರ್ ಬಟ್ಟೆಯ ಒಳಗಿನ ಸಮಾಚಾರ. ಬಣ್ಣ ಹೊಳೆಯುತ್ತಿದ್ದಷ್ಟೂ ಒಳಗೇನಿದೆಯೆಂಬುದು ಮರೆಯಾಗುತ್ತದೆ. ಆದುದರಿಂದ ರೆಕ್ಕೆಯಡಿಯ ಪರೀಕ್ಷಾದ್ವಾರಗಳ ಮುಚ್ಚಳ ತೆಗೆದು, ಬ್ಯಾಟರಿ ಹಿಡಿದು, ಸಣ್ಣ ಕನ್ನಡಿಯನ್ನು ಒಳಕ್ಕಿಟ್ಟು ನೋಡಬೇಕು. ಎರಡು ರೆಕ್ಕೆಗಳನ್ನು ಬಂಧಿಸಿರುವ ಉಕ್ಕಿನ ತಂತಿಗಳ ಮೇಲೆ ಬೆರಳಾಡಿಸಿ, ಉಗುರಿಗೆ ತಗುಲುವ ಕಚ್ಚು ಎಲ್ಲಿಯಾದರೂ ಉಂಟೋ ಎಂದು ತಡವಬೇಕು. ಉಗುರಿಗೆ ಸಿಕ್ಕುವಷ್ಟು ಸಣ್ಣ ಕಚ್ಚಿನಿಂದಲೇ ತಂತಿ ತುಂಡಾಗುವುದು. ಬಾಲದ ತುದಿಯ ಕೆಳಗಣ ಕೊಳವೆಗಳಲ್ಲಿ ನೀರು ಇಳಿದು ನಿಲ್ಲುವುದರಿಂದ ಅಲ್ಲಿ ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಅದೇ ಬಾಲದ ಗೂಡಿನೊಳಗೆ ಬೆಳಕು ಬಿಟ್ಟು ನೋಡಿದಾಗ ಕೆಲವೊಮ್ಮೆ ಸಿಕ್ಕುವ ಸಾಮಗ್ರಿಯೇ ಬೇರೆ: ಪೆನ್ನಿನ ಟೋಪಿ, ಒಂದು ನಾಣ್ಯ, ಎಂದೋ ಕಳೆದುಹೋದ ತಿರುಪು. ತಲೆಕೆಳಗಾದಾಗ ಜೇಬಿನಿಂದ ಜಾರಿದ್ದು ಮೂತಿ ಮೇಲಾದಾಗ ಹಿಂದಕ್ಕುರುಳಿ ಅಲ್ಲಿ ಸೇರುತ್ತದೆ. ಎತ್ತಿನ ಜಾತ್ರೆಯಲ್ಲಿ ಸುಳಿ ನೋಡುವವರಂತೆ, ಅನುಭವಸ್ಥ ಮೆಕ್ಯಾನಿಕ್ಕನು ಈ ಕಸವನ್ನು ಕಂಡು ಒಡೆಯನ ಸ್ವಭಾವವನ್ನು ಹೇಳಿಬಿಡುತ್ತಾನೆ. ಹಾರಾಟದ ಮಧ್ಯೆ ಆ ತಿರುಪು ಎಲಿವೇಟರಿನ ಸನ್ನೆಗೋಲಿಗೆ ಸಿಕ್ಕಿದ್ದರೆ, ಮಾರುವುದಕ್ಕೆ ಒಡೆಯನೂ ಇರುತ್ತಿರಲಿಲ್ಲ, ವಿಮಾನವೂ ಇರುತ್ತಿರಲಿಲ್ಲ.

ಎಂಜಿನು ಸಾಮಾನ್ಯವಾಗಿ ಲೈಕಮಿಂಗ್ ಸಂಸ್ಥೆಯ ನಾಲ್ಕು ಸಿಲಿಂಡರಿನದು. ಎಸ್-1ಎಸ್‌ನಲ್ಲಿ 180 ಅಶ್ವಶಕ್ತಿ. ಮಾರಾಟಗಾರನು ಗಂಟೆ ಕಡಿಮೆಯೆಂದು ಹೆಮ್ಮೆಪಟ್ಟರೆ ಕೊಳ್ಳುವವನು ಹಿಗ್ಗಬೇಕಾದ್ದಿಲ್ಲ. ಈ ಎಂಜಿನುಗಳಲ್ಲಿ ಕ್ಯಾಮ್‌ದಂಡವು ಮೇಲ್ಗಡೆ ಇರುವುದರಿಂದ, ವಿಮಾನ ತಿಂಗಳುಗಟ್ಟಲೆ ಷೆಡ್ಡಿನಲ್ಲಿ ನಿಂತರೆ ಅದರ ಮೇಲಣ ಎಣ್ಣೆಯೆಲ್ಲ ಜಿನುಗಿ ಇಳಿದು, ಬರಿಯ ಲೋಹಕ್ಕೆ ತುಕ್ಕು ಹಿಡಿದು, ಮತ್ತೆ ಹಾರಿಸತೊಡಗಿದಾಗ ಅದು ಪುಡಿಪುಡಿಯಾಗಿ ಸವೆಯುತ್ತದೆ. ಗಂಟೆಯ ಲೆಕ್ಕ ಏನೇ ಇರಲಿ, ಹನ್ನೆರಡು ವರ್ಷಕ್ಕೊಮ್ಮೆ ಎಂಜಿನನ್ನು ಬಿಚ್ಚಿ ಕಟ್ಟಬೇಕೆಂದು ಲೈಕಮಿಂಗಿನವರೇ ಸಲಹೆ ಕೊಟ್ಟಿದ್ದಾರೆ. ಎಣ್ಣೆಯ ಶೋಧಕವನ್ನು ಕೊಯ್ದು, ಮಡಿಕೆಗಳನ್ನು ಬಿಡಿಸಿ, ಲೋಹದ ಚೂರು ಮಿನುಗುತ್ತದೆಯೋ ಎಂದು ನೋಡುವುದು ಇದಕ್ಕಾಗಿಯೇ. ಲೊಮ್‌ಚೋವಾಕ್ ಎಂಬ, ಝೆಕ್ ವೈಮಾನಿಕ ಲಾಡಿಸ್ಲಾವ್ ಬೆಜಾಕನಿಂದ ಪ್ರಸಿದ್ಧಿಗೆ ಬಂದ, ವಿಮಾನವು ತುದಿಮೊದಲಿಲ್ಲದೆ ಪಲ್ಟಿ ಹೊಡೆಯುವ ಕಸರತ್ತನ್ನು ಹಿಂದಿನ ಒಡೆಯನು ಮೆಚ್ಚಿದ್ದನೋ ಎಂದು ಕೇಳುವುದೂ ಅವಶ್ಯ. ಬುಗುರಿಯ ನಿಯಮಕ್ಕೆ ಒಳಪಟ್ಟು ಸುತ್ತುವ ಭಾರವಾದ ಲೋಹದ ಪ್ರೊಪೆಲ್ಲರು, ವಿಮಾನವು ಹಾಗೆ ಪಲ್ಟಿಯಾದಾಗ ತನ್ನ ದಿಕ್ಕು ಬಿಡಲೊಲ್ಲದೆ, ತಾನು ಕುಳಿತಿರುವ ಕ್ರ್ಯಾಂಕ್‌ದಂಡವನ್ನೇ ಬಾಗಿಸುತ್ತದೆ. ಜರ್ಮನಿಯ ಎಮ್‌ಟಿ ಕಂಪನಿಯ ಹಗುರವಾದ ಮರದ ಅಲಗುಗಳಿಗೆ ಕಸರತ್ತಿನವರು ಮಾರುಹೋದದ್ದು ಬರಿಯ ಅಂದಕ್ಕಲ್ಲ. ಇನ್ನು ಟ್ಯಾಂಕಿನೊಳಗೆ, ತುದಿಗೆ ತೂಕ ಕಟ್ಟಿದ ರಬ್ಬರಿನ ಕೊಳವೆಯೊಂದು ಇಂಧನ ಹರಿದ ಕಡೆಗೆ ತಾನೂ ಬೀಳುತ್ತಿರುತ್ತದೆ. ವಯಸ್ಸಾದಂತೆ ಅದು ಸೆಟೆದು ನಿಲ್ಲುತ್ತದೆ. ಅಗ್ಗದ ಭಾಗ, ಆದರೆ ಅದು ಸೆಟೆದರೆ ಎಂಜಿನು ಆಕಾಶದಲ್ಲಿ ಮೌನ.

ಇಷ್ಟೆಲ್ಲ ನೋಡಿಯೂ ಕೊಳ್ಳುವವನು ಕಟ್ಟಕಡೆಗೆ ಎದುರಿಸುವ ತೊಡಕು ಆಸನ ಒಂದೇ ಎಂಬುದು. ಕಾರನ್ನು ಕೊಳ್ಳುವಾಗ ಪಕ್ಕದಲ್ಲಿ ಕುಳಿತು ಒಂದು ಸುತ್ತು ಬರಬಹುದು. ಎರಡಾಸನದ ವಿಮಾನದಲ್ಲಿಯೂ ಹಾಗೆ. ಇಲ್ಲಿ ಮಾರುವವನು ಹಾರಿದರೆ ಕೊಳ್ಳುವವನು ನೆಲದ ಮೇಲೆ ಕೈಯನ್ನು ಕಣ್ಣಿಗೆ ಮರೆಹಿಡಿದು ನಿಂತಿರಬೇಕು. ಕೊಳ್ಳುವವನು ಹಾರಿದರೆ ಮಾರುವವನು ನಿಂತಿರಬೇಕು. ಇಬ್ಬರಲ್ಲಿ ಯಾರ ಎದೆ ಹೆಚ್ಚು ಬಡಿದುಕೊಳ್ಳುತ್ತದೆಂದು ಹೇಳುವುದು ಕಷ್ಟ. ಹೆಚ್ಚಿನ ಮಾರಾಟಗಾರರು ಹಣ ಕೈಸೇರುವ ತನಕ ಅಪರಿಚಿತನನ್ನು ಒಳಗೆ ಕೂರಿಸಿ ಎಂಜಿನು ಹಚ್ಚಲು ಬಿಡುವುದಿಲ್ಲ. ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ. ಏಕೆಂದರೆ ಪಿಟ್ಸ್ ಗಾಳಿಯಲ್ಲಿ ಎಷ್ಟು ವಿಧೇಯವೋ ನೆಲದ ಮೇಲೆ ಅಷ್ಟು ಹಟಮಾರಿ. ಬಾಲದಲ್ಲಿ ಪುಟ್ಟ ಗಾಲಿ, ಮುಂದೆ ಎತ್ತಿದ ಮೂತಿ. ಇಳಿಯುವ ಹೊತ್ತಿಗೆ ಎದುರಿನ ಓಡುದಾರಿ ಮೂತಿಯ ಹಿಂದೆ ಸಂಪೂರ್ಣವಾಗಿ ಮರೆಯಾಗಿ, ವೈಮಾನಿಕನು ಎರಡು ಪಕ್ಕಗಳ ಅಂಚುಗಳನ್ನು ಕಡೆಗಣ್ಣಿನಿಂದ ಅಳೆಯುತ್ತ ಮಧ್ಯವನ್ನು ಊಹಿಸಬೇಕಾಗುತ್ತದೆ. ಕಾಲು ಒಂದು ಕ್ಷಣ ತಡವಾದರೆ ವಿಮಾನ ಬಾಲವನ್ನು ಮುಂದುಮಾಡಿಕೊಂಡು ಗಿರ್ರನೆ ತಿರುಗಿಬಿಡುವುದು. ಆದಕಾರಣ ಒಳ್ಳೆಯ ಸಂಪ್ರದಾಯವೇನೆಂದರೆ, ಎರಡಾಸನದ ಎಸ್-2 ಮಾದರಿಯಲ್ಲಿ ಗುರುವಿನೊಡನೆ ಸಾಕೆನಿಸುವಷ್ಟು ಇಳಿದು, ಉದ್ದೇಶಪೂರ್ವಕವಾಗಿ ಸುಳಿಗೆ ಬಿದ್ದು, ಎಂಜಿನಿನ ಬಲ ತಗ್ಗಿಸಿ, ಹಿಡಿಗೋಲಿನಿಂದ ಕೈ ತೆಗೆದು, ಸುತ್ತಿಗೆ ವಿರುದ್ಧದ ಪೆಡಲನ್ನು ಅದುಮಿ ಹೊರಬರುವ ವಿದ್ಯೆಯನ್ನು ಮೈಗೂಡಿಸಿಕೊಂಡು, ಆಮೇಲೆ ತನ್ನ ಏಕಾಸನಕ್ಕೆ ಏರುವುದು. ವಿಮೆಯವರು ಕೇಳುವುದೂ ಇದನ್ನೇ. ಎಷ್ಟು ಕಲಿತರೂ ತನ್ನ ಸ್ವಂತ ವಿಮಾನದಲ್ಲಿನ ಮೊದಲ ಹಾರಾಟಕ್ಕೆ ಗುರು ಬರಲಾರ.

ಒಡೆತನದ ದೈನಂದಿನ ಬದುಕಿನಲ್ಲಿ ಹೆಚ್ಚು ಹೇಳತಕ್ಕದ್ದೇನೂ ಇಲ್ಲ. ಪೆಟ್ಟಿಗೆ ಇಡಲು ಸ್ಥಳವಿಲ್ಲ, ಇಂಧನ ಒಂದೂವರೆ ಗಂಟೆಗೆ ಹೆಚ್ಚಿಲ್ಲ. ಪರಸ್ಥಳದಲ್ಲಿ ಕೊಂಡದ್ದನ್ನು ಮನೆಗೆ ತರುವ ಪ್ರಯಾಣವೇ ಅನೇಕರ ಪಾಲಿಗೆ ಅದರ ಏಕೈಕ ದೂರಪ್ರಯಾಣ. ಅಮೆರಿಕದ ಕಾನೂನಿನಂತೆ ಕಸರತ್ತಿಗೆ ನೆಲದಿಂದ 1500 ಅಡಿ ಎತ್ತರವಿರಬೇಕು, ಕೆಳಗೆ ಜನವಸತಿ ದಟ್ಟವಾಗಿರಕೂಡದು. ಪ್ಯಾರಾಚೂಟಿನ ವಿಷಯದಲ್ಲಿ ಆ ಕಾನೂನು ವಿನೋದವಾಗಿದೆ: ಪ್ರಯಾಣಿಕನೊಬ್ಬನು ಜೊತೆಯಲ್ಲಿದ್ದರೆ ಕಟ್ಟಿಕೊಳ್ಳುವುದು ಕಡ್ಡಾಯ, ಒಬ್ಬನೇ ಇದ್ದರೆ ಅವನಿಷ್ಟ. ಆದರೂ ಏಕಾಸನದವರು ಅದನ್ನು ಬಿಟ್ಟು ಏರುವುದು ವಿರಳ. ಅದನ್ನು 180 ದಿನಕ್ಕೊಮ್ಮೆ ಬಿಚ್ಚಿ ಮಡಿಸಿ ಕೊಡುವವನಿಗೆ ಹಣ ತೆರುತ್ತಾರೆ. ಮನೆಯಲ್ಲಿ ಕಟ್ಟಿದ ವಿಮಾನದ ವಾರ್ಷಿಕ ಪರೀಕ್ಷೆಗೆ ಸಹಿ ಹಾಕುವ ಅಧಿಕಾರ ಕಟ್ಟಿದವನಿಗೆ ಉಂಟು. ಅವನಿಂದ ಕೊಂಡವನಿಗಿಲ್ಲ, ಪರವಾನಗಿಯುಳ್ಳ ಮೆಕ್ಯಾನಿಕ್ಕನನ್ನು ಕರೆಯಬೇಕು. ಆದರೆ ದುರಸ್ತಿಯ ಕೆಲಸವನ್ನು ಕೈಯಾರೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಶನಿವಾರವೆಲ್ಲ ಎಣ್ಣೆಕೈಯಲ್ಲಿ ಕಳೆದು ಭಾನುವಾರ ಇಪ್ಪತ್ತು ನಿಮಿಷ ಹಾರುವುದು ಈ ಒಡೆಯರ ಸಾಮಾನ್ಯ ದಿನಚರಿ; ಮೈ ಅದಕ್ಕಿಂತ ಹೆಚ್ಚು ಹೊತ್ತು ಆ ಭಾರವನ್ನು ತಾಳದು. ಕೆಲವರು ಸ್ಪರ್ಧೆಗೆ ಇಳಿದು, ಸ್ಪೇನಿನ ಹೋಸೆ ಲೂಯಿಸ್ ಅರೆಸ್ಟಿ ರೂಪಿಸಿದ ರೇಖಾಲಿಪಿಯಲ್ಲಿ ತಮ್ಮ ಲಾಗಗಳನ್ನು ಚೀಟಿಯ ಮೇಲೆ ಬರೆದು ಫಲಕಕ್ಕೆ ಅಂಟಿಸಿಕೊಂಡು, ಒಂದೊಂದು ಬದಿಗೆ ಸಾವಿರ ಮೀಟರಿನ ಅದೃಶ್ಯ ಪೆಟ್ಟಿಗೆಯೊಳಗೆ ಪಂಚರ ಕಣ್ಣೆದುರು ಹಾರುತ್ತಾರೆ. ಹೆಚ್ಚಿನವರಿಗೆ ಪಂಚರೂ ಬೇಕಿಲ್ಲ. ವಿವೇಕಿಗಳಾದ ಕೆಲವರು ಗುಂಡಿಯನ್ನೊತ್ತುವ ಮುನ್ನ ಮುಳ್ಳುಗಳ ಅಂಕಿಗಳೆರಡನ್ನು ಪ್ರತಿಸಲವೂ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತಾರೆ. ಕಾನೂನು ಕೇಳದ, ಸಹಿಯಿಲ್ಲದ ಆ ಪೆನ್ಸಿಲ್ ಅಂಕಿಗಳನ್ನು ಕಂಡರೆ ಬಲ್ಲವನು ಬೆಲೆಯ ವಿಷಯದಲ್ಲಿ ಹೆಚ್ಚು ಜಗ್ಗಾಡುವುದಿಲ್ಲ.

ಮಾರುವ ಕಾಲ ಬಂದಾಗ ಕಾರಣಗಳು ಹಲವು. ಕುತ್ತಿಗೆ ನೋವು, ಹೆಚ್ಚಿದ ಸೊಂಟದ ಸುತ್ತಳತೆ, ಹೆಂಡತಿಯೋ ಮಗಳೋ ತಾನೂ ಬರುತ್ತೇನೆಂದು ಹಟ ಹಿಡಿದು ಎರಡಾಸನದ ಎಸ್-2 ಅನಿವಾರ್ಯವಾದದ್ದು. ಆದರೆ ವಿಮಾನವನ್ನು ಕೈಯಾರೆ ಕಟ್ಟಿದವನ ಸಂಕಟ ಬೇರೆ. ತಾನು ಬೆಸೆದ ಕೊಳವೆ ಮುಂದೆಂದೋ, ಅಪರಿಚಿತನ ಕೈಯಲ್ಲಿ, ಯಾವುದೋ ಅತಿಭಾರಕ್ಕೆ ಸಿಕ್ಕಿ ಮುರಿದರೆ ನ್ಯಾಯಾಲಯವು ತನ್ನನ್ನು ಕರೆಯುವುದೆಂಬ ಭಯ ಅಮೆರಿಕದಲ್ಲಿ ನಿರಾಧಾರವಾದುದಲ್ಲ. ಹೊಣೆಯಿಂದ ಬಿಡುಗಡೆ ಕೊಡುವ ಕಾಗದಗಳಿಗೆ ಪುಟಪುಟವಾಗಿ ಸಹಿ ಮಾಡಿಸಿಕೊಂಡರೂ ಕೆಲವರ ಮನಸ್ಸು ಸಮಾಧಾನವಾಗದು. ಅಂಥವರು ಇಡೀ ವಿಮಾನವನ್ನು ಯಾರಿಗೂ ಮಾರುವುದಿಲ್ಲ. ಎಂಜಿನು ಒಬ್ಬನಿಗೆ, ಪ್ರೊಪೆಲ್ಲರು ಇನ್ನೊಬ್ಬನಿಗೆ, ಗಾಲಿ, ತಂತಿ, ಜಿ-ಮೀಟರು ಕೇಳಿದವರಿಗೆ. ಮಿಕ್ಕ ಒಡಲಿನ ಕೊಳವೆಗಳನ್ನು, ಮತ್ತಾರೂ ಬೆಸೆದು ಹಾರಿಸದಂತೆ, ತಾವೇ ಗರಗಸ ಹಿಡಿದು ಕೊಯ್ದುಹಾಕುತ್ತಾರೆ.